ಹಳತಾದ ಜೆಲ್ಲಿನ ಗುಟ್ಟು

ಕಾಮಕಸ್ತೂರಿ ಬೀಜ ನೀರಲ್ಲಿ ಮೈತುಂಬಿಕೊಳ್ಳುವುದನ್ನು ಕಂಡವರಿಗೆ ಜೆಲ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಉದ್ದುದ್ದ ಅಣುಗಳು ಹೆಣೆದುಕೊಂಡ ಬಲೆ, ಅದರೊಳಗೆ ದ್ರವ. ದ್ರವ ಒಳನುಗ್ಗಲು ನೋಡುತ್ತದೆ, ಬಲೆ ಜಗ್ಗಿ ಹಿಡಿಯುತ್ತದೆ. ಎರಡೂ ಸಮವಾದಾಗ ಊತ ನಿಲ್ಲುತ್ತದೆ. ಈ ಲೆಕ್ಕವನ್ನು ಪಾಲ್ ಫ್ಲೋರಿ ಮತ್ತು ಜಾನ್ ರೆನರ್ 1943ರಲ್ಲೇ ಬರೆದಿಟ್ಟಿದ್ದರು. 1968ರಲ್ಲಿ ಡುಶೆಕ್ ಮತ್ತು ಪ್ಯಾಟರ್ಸನ್ ಅದನ್ನೇ ಮುಂದುವರಿಸಿ, ಜೆಲ್ ಒಮ್ಮೆಲೇ ಕುಸಿಯಲೂಬಹುದು ಎಂದರು. ಕಣ್ಣಾರೆ ಕಂಡವರಿರಲಿಲ್ಲ.

ಕಂಡದ್ದು ಜಪಾನಿನಿಂದ ಅಮೆರಿಕದ ಎಂಐಟಿಗೆ ಬಂದಿದ್ದ ತೊಯೊಇಚಿ ತನಕಾ. ಪಾಲಿಅಕ್ರಿಲಮೈಡ್ ಜೆಲ್ಲಿಗೆ ಲೇಸರ್ ಹಾಯಿಸಿ ತಣಿಸುತ್ತ ಹೋದರೆ ಚದುರುವ ಬೆಳಕು ಏರುತ್ತಲೇ ಇತ್ತು. ಮೈನಸ್ 17 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದು ಮಿತಿಮೀರುವ ಸೂಚನೆ ಕಂಡಿತು. ಅಷ್ಟು ಚಳಿಗೆ ಬರೀ ನೀರು ಮಂಜಾದೀತು. ಅಸಿಟೋನ್ ಬೆರೆಸಿದರೆ ಆ ತೊಡಕಿಲ್ಲ, ಜೆಲ್ಲಿನ ಎಳೆಗಳಿಗೆ ಅಸಿಟೋನ್ ಸೇರದ ಕಾರಣ ಕುಸಿತವೂ ಮಾಮೂಲಿ ಉಷ್ಣಾಂಶದಲ್ಲೇ ಸಿಗುತ್ತದೆ. 1978ರಲ್ಲಿ ಫಲಿತಾಂಶ ಅಚ್ಚಾಯಿತು: ಮಿಶ್ರಣವನ್ನೋ ಉಷ್ಣಾಂಶವನ್ನೋ ತುಸು ಬದಲಿಸಿದರೆ ಸಾಕು, ಉಬ್ಬಿದ ಜೆಲ್ ತಟ್ಟನೆ ಮುದುಡುತ್ತಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಸಂಗತಿ. ಆಗಷ್ಟೇ ಮಾಡಿದ ಜೆಲ್ ಹೀಗೆ ಕುಸಿಯುವುದೇ ಇಲ್ಲ. ಮೆಲ್ಲಗೆ ಕುಗ್ಗುತ್ತದೆ, ಅಷ್ಟೆ. ದಿನಗಟ್ಟಲೆ ಕ್ಷಾರದಲ್ಲಿ ನೆನೆದು ಹಳತಾದದ್ದು ಮಾತ್ರ ನೂರಾರು ಪಟ್ಟು ಕುಸಿಯುತ್ತದೆ. ಕಾರಣ, ಕಾಲ ಕಳೆದಂತೆ ಅಮೈಡ್ ಗುಂಪುಗಳಲ್ಲಿ ಕೆಲವು ಆಮ್ಲವಾಗಿ ಮಾರ್ಪಟ್ಟು ಎಳೆಗಳಿಗೆ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸುವ ಅಯಾನುಗಳು ಬಲೆಯೊಳಗೇ ಸಿಕ್ಕಿಬಿದ್ದು ಬಲೆಯನ್ನು ಹೊರಕ್ಕೆ ತಳ್ಳುತ್ತಿರುತ್ತವೆ. ಎಳೆಗಳ ಸೆಳೆತ ಮೇಲುಗೈಯಾದ ಗಳಿಗೆ ಎಲ್ಲವೂ ಒಟ್ಟಿಗೇ ಕುಸಿಯುತ್ತದೆ. ತನಕಾ ಬಳಗ ಇದನ್ನು 1980ರಲ್ಲಿ ವಿವರಿಸಿತು.

ಪಠ್ಯಪುಸ್ತಕಗಳಲ್ಲಿ ಸಮೀಕರಣ ಉಳಿದಿದೆ, ನೆನೆದ ದಿನಗಳ ಸುದ್ದಿಯೇ ಇಲ್ಲ. ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಆದರೆ ನಾವೂ ಹಾಗೇ ಇದ್ದೆವು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಚೀಟಿಯಿಲ್ಲದ ಬಾಟಲಿಗಳನ್ನು ಪರೀಕ್ಷೆ ಮುಗಿದದ್ದೇ ಸಿಂಕಿಗೆ ಸುರಿಯುತ್ತಿದ್ದೆವು. ದಿನಾಂಕ ಬರೆಯಿರೋ ಎಂದು ಮೇಷ್ಟ್ರು ಗದರಿದರೆ ನಗುತ್ತಿದ್ದೆವು.

ತನಕಾ 2000ದ ಮೇ ತಿಂಗಳಲ್ಲಿ, 54ನೇ ವಯಸ್ಸಿಗೇ ತೀರಿಕೊಂಡರು. ಅವರ ಹಳತಾದ ಜೆಲ್ ನೋಡಿದರೆ ಮೇಷ್ಟ್ರ ಮಾತೇ ಸರಿ: ಮಾಡಿದ ದಿನಾಂಕವೂ ಒಂದು ಅಳತೆಯೇ.