ಕತ್ತಿನ ರಕ್ತನಾಳ ನೋಡುವ ಡಾಪ್ಲರ್ ಪರೀಕ್ಷೆ

ಬೆಳಗಿನ ಚಹಾ ಕುಡಿಯುತ್ತಿದ್ದ ಅಜ್ಜನ ಕೈಯಿಂದ ಲೋಟ ಜಾರುತ್ತದೆ. ಮಾತು ತೊದಲುತ್ತದೆ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಹತ್ತೇ ನಿಮಿಷದಲ್ಲಿ ಎಲ್ಲವೂ ಮೊದಲಿನಂತೆ! ‘ಗ್ಯಾಸ್ ಇರಬೇಕು’ ಎಂದು ಮನೆಮಂದಿ ಸುಮ್ಮನಾಗುತ್ತಾರೆ. ತಪ್ಪುವುದು ಇಲ್ಲಿಯೇ. ಹೀಗೆ ಬಂದು ಹೋದದ್ದು ಪಾರ್ಶ್ವವಾಯುವಿನ ಮುನ್ಸೂಚನೆ ಇರಬಹುದು. ದೊಡ್ಡ ಲಕ್ವ ಹೊಡೆಯುವ ಅಪಾಯ ಮೊದಲ ಎರಡು ದಿನಗಳಲ್ಲೇ ಹೆಚ್ಚು.

ಗಂಟಲಿನ ಎರಡೂ ಬದಿಗೆ ಬೆರಳಿಟ್ಟರೆ ನಾಡಿ ಬಡಿಯುವುದು ತಿಳಿಯುತ್ತದಲ್ಲವೇ? ಅದು ಕೆರೋಟಿಡ್ ಧಮನಿ. ಮೆದುಳಿಗೂ ಕಣ್ಣಿಗೂ ರಕ್ತ ಒಯ್ಯುವ ದಾರಿ. ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಿಂದ ಇದರ ಒಳಗೋಡೆಗೆ ಕೊಬ್ಬು ಮೆತ್ತಿಕೊಳ್ಳುತ್ತದೆ. ಆ ಪದರ ಬಿರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಕಳಚಿ ಮೆದುಳಿಗೆ ಹೋದರೆ ಲಕ್ವ. ಕಣ್ಣಿಗೆ ಹೋದರೆ ಪರದೆ ಇಳಿಬಿಟ್ಟಂತೆ ಒಂದು ಕಣ್ಣು ಕೆಲವು ನಿಮಿಷ ಕತ್ತಲಾಗುತ್ತದೆ. ನೋವಿಲ್ಲವೆಂದು ಇದನ್ನೂ ಕಡೆಗಣಿಸುವವರಿದ್ದಾರೆ.

ಇದನ್ನು ಪತ್ತೆ ಹಚ್ಚಲು ಮಾಡುವುದೇ ಕೆರೋಟಿಡ್ ಡಾಪ್ಲರ್. ಗರ್ಭಿಣಿಯರಿಗೆ ಮಾಡುವಂಥದೇ ಸ್ಕ್ಯಾನಿಂಗ್. ಸೂಜಿಯಿಲ್ಲ, ವಿಕಿರಣವಿಲ್ಲ, ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲೂ ಇರಬೇಕಿಲ್ಲ. ಕತ್ತಿಗೆ ಜೆಲ್ ಹಚ್ಚಿ ಉಪಕರಣ ಆಡಿಸುತ್ತಾರೆ, ಅರ್ಧ ಗಂಟೆಯ ಕೆಲಸ. ಸ್ಕಾರ್ಫ್ ಸಡಿಲಿಸಬೇಕಾಗುವುದರಿಂದ, ಮಹಿಳಾ ಸಿಬ್ಬಂದಿ ಬೇಕೆನಿಸಿದರೆ ಸಮಯ ಗೊತ್ತುಮಾಡುವಾಗಲೇ ಹೇಳಿ. ಸಂಕೋಚದಿಂದ ಪರೀಕ್ಷೆ ಮುಂದೂಡಬೇಡಿ.

ಹೊಸದಾಗಿ ಕಟ್ಟಿದ ಮೆದು ಹೆಪ್ಪು ಬರಿಯ ಚಿತ್ರದಲ್ಲಿ ಕಪ್ಪಾಗಿಯೇ ಕಾಣುವುದರಿಂದ ಕಣ್ತಪ್ಪಬಹುದು. ಹರಿಯುವ ರಕ್ತಕ್ಕೆ ಡಾಪ್ಲರ್ ಬಣ್ಣ ಕೊಡುತ್ತದೆ. ಬಣ್ಣ ತುಂಬದ ಜಾಗ ಸಂಶಯ ಹುಟ್ಟಿಸುತ್ತದೆ. ಪೈಪಿನ ಬಾಯಿ ಒತ್ತಿದರೆ ನೀರು ರಭಸದಿಂದ ಚಿಮ್ಮುವಂತೆ, ನಾಳ ಕಿರಿದಾದಲ್ಲಿ ರಕ್ತದ ವೇಗ ಏರುತ್ತದೆ. ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ ಅರ್ಧಕ್ಕಿಂತ ಹೆಚ್ಚು, 230 ದಾಟಿದರೆ ಶೇ. 70ಕ್ಕಿಂತ ಹೆಚ್ಚು ಮುಚ್ಚಿರಬಹುದೆಂದು ಅಂದಾಜು. ಲಕ್ಷಣವೂ ಇದ್ದು ಶೇ. 70 ದಾಟಿದವರಿಗೆ ಶಸ್ತ್ರಚಿಕಿತ್ಸೆಯಿಂದ ಒಳ್ಳೆಯ ಪ್ರಯೋಜನವಿದೆ, ಅದೂ ಎರಡು ವಾರಗಳೊಳಗೆ ಆದರೆ. ಉಳಿದ ಹೆಚ್ಚಿನವರಿಗೆ ಮಾತ್ರೆಗಳು ಮತ್ತು ಧೂಮಪಾನ ಬಿಡುವುದೇ ಚಿಕಿತ್ಸೆ.

ಹಾಗೆಂದು ಆರೋಗ್ಯವಂತರೆಲ್ಲ ‘ಪ್ಯಾಕೇಜ್’ ಆಸೆಗೆ ಇದನ್ನು ಮಾಡಿಸಿಕೊಳ್ಳಬೇಕಿಲ್ಲ. ಲಕ್ಷಣವೇ ಇಲ್ಲದವರಲ್ಲಿ ಅನಗತ್ಯ ಭಯಕ್ಕೂ ಶಸ್ತ್ರಚಿಕಿತ್ಸೆಗೂ ಅದು ದಾರಿಯಾದೀತು.

ಇನ್ನೊಂದು ಮಾತು. ಬಾಯಿ ಸೊಟ್ಟಗಾದಾಗ, ಕೈ ಸೋತಾಗ ಓಡಬೇಕಾದದ್ದು ಸ್ಕ್ಯಾನಿಂಗ್ ಸೆಂಟರಿಗಲ್ಲ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಿಗುವ ಅವಧಿ ನಾಲ್ಕೂವರೆ ಗಂಟೆ ಮಾತ್ರ. ದಾರಿಯಲ್ಲಿ ಕೈ ಸರಿಹೋಯಿತೆಂದು ರಿಕ್ಷಾವನ್ನು ಮನೆಯ ಕಡೆಗೆ ತಿರುಗಿಸಬೇಡಿ.