ಮನೆ ಲೆಕ್ಕಕ್ಕೊಂದು ಸಣ್ಣ ಗಣಕಯಂತ್ರ: ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು



2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಅಂದಿನಿಂದ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಅನೇಕರದು ಒಂದೇ ಪ್ರಶ್ನೆ: "ಹಳೆಯ ಕಂಪ್ಯೂಟರು ವಿಂಡೋಸ್ 11 ತೆಗೆದುಕೊಳ್ಳುವುದಿಲ್ಲವಂತೆ. ಹೊಸದಕ್ಕೆ ಅಷ್ಟೊಂದು ಹಣ ಹಾಕಲೇಬೇಕೆ?" ಹಾಕಬೇಕಾಗಿಲ್ಲ ಎಂಬುದೇ ನಮ್ಮ ಉತ್ತರ. ಆದರೆ ಅಗ್ಗವೆಂದು ಮುಗ್ಗಲು ಜೋಳ ಕೊಳ್ಳಬಾರದು. ಈ ಮಾತನ್ನು ನಾವು ಕೈಸುಟ್ಟುಕೊಂಡು ಕಲಿತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಾವು ಮನೆಗೆ ತೀರಾ ಅಗ್ಗದ ಪುಟ್ಟ ಪೆಟ್ಟಿಗೆಯೊಂದನ್ನು ತಂದೆವು. 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ. ಆ ಸಂಗ್ರಹವು ಇಎಮ್‌ಎಮ್‌ಸಿ ಎಂಬ ಬಗೆಯದು, ಮುಖ್ಯ ಹಲಗೆಗೇ ಬೆಸುಗೆ ಹಾಕಿದ್ದು. ಕಾಫಿ ಕೊಯ್ಲಿನ ನಡುವೆ ಒಂದು ಬೆಳಿಗ್ಗೆ ಯಂತ್ರ ಏಳಲಿಲ್ಲ. ಬಿಚ್ಚಿ ಬೇರೆ ಡಿಸ್ಕ್ ಹಾಕುವಂತಿರಲಿಲ್ಲ. ಎರಡು ವರ್ಷದ ಆಳುಗಳ ಹಾಜರಿ, ಮುಂಗಡದ ಲೆಕ್ಕ ಎಲ್ಲವೂ ಅದರೊಳಗೇ ಉಳಿಯಿತು. ಬೇರೆ ಪ್ರತಿ ಇರಲಿಲ್ಲ. ಯಾರ ಮುಂಗಡ ಎಷ್ಟು ತೀರಿದೆ ಎಂದು ಅವರನ್ನೇ ಕೇಳಿ ಬರೆದುಕೊಳ್ಳಬೇಕಾಯಿತು. ಅವರು ಪ್ರಾಮಾಣಿಕರಾದುದರಿಂದ ನಾವು ಬಚಾವಾದೆವು. ಹಾಗೆಂದು ನಮ್ಮ ತಪ್ಪು ತಪ್ಪಲ್ಲವೆಂದಾಗುವುದಿಲ್ಲ.

ಮೊದಲು ಹಳೆಯದನ್ನು ಪರೀಕ್ಷಿಸಿ

ಲಿನಕ್ಸ್ ಎಂಬುದು 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ, ಎಲ್ಲರಿಗೂ ಮುಕ್ತವಾಗಿ ದೊರೆಯುವ ವ್ಯವಸ್ಥೆ. ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಮುಂತಾದವು ಅದರ ರೂಪಗಳು. ವಿಂಡೋಸ್ ಬಳಸಿ ರೂಢಿಯಾದವರಿಗೆ ಮಿಂಟ್ ಸುಲಭ. ಅದಕ್ಕೆ ಕನಿಷ್ಠ 2 ಜಿಬಿ ಮೆಮೊರಿ ಬೇಕು. ಆರಾಮವಾಗಿ ನಡೆಯಲು 4 ಜಿಬಿ ಎಂದು ಅದರ ತಯಾರಕರೇ ಹೇಳುತ್ತಾರೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು, ಡಿಸ್ಕ್ ಮುಟ್ಟದೆಯೇ ನಡೆಸಿ ನೋಡಬಹುದು. ಹಳೆಯ ಯಂತ್ರ ಗಟ್ಟಿಯಾಗಿದ್ದರೆ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಅನೇಕರಿಗೆ ಅಷ್ಟೇ ಸಾಕಾದೀತು. ಹೊಸ ಖರೀದಿಯೇ ಬೇಡ.

ನಿಮ್ಮ ಕೆಲಸ ಲಿನಕ್ಸ್‌ನಲ್ಲಿ ಆಗುವುದೇ?

ಬ್ಯಾಂಕು, ಜಿಎಸ್‌ಟಿ, ಪಹಣಿ, ಕಾಫಿ ಬೋರ್ಡಿನ ದಿನದ ಧಾರಣೆ ಮೊದಲಾದವೆಲ್ಲ ಬ್ರೌಸರಿನಲ್ಲಿ ನಡೆಯುತ್ತವೆ. ಪತ್ರ ಮತ್ತು ಲೆಕ್ಕದ ಹಾಳೆಗಳಿಗೆ ಲಿಬ್ರೆ ಆಫೀಸ್ ಇದೆ. ಆದರೆ ಟ್ಯಾಲಿಯು ವಿಂಡೋಸ್‌ಗೆಂದೇ ಮಾಡಿದ್ದು. ಲಿನಕ್ಸ್‌ನಲ್ಲಿ ನೇರವಾಗಿ ನಡೆಯದು. ಅದನ್ನು ನಂಬಿಕೊಂಡವರು ಅವಸರಪಡಬೇಡಿ. ಡಿಜಿಟಲ್ ಸಹಿಯ ಟೋಕನ್ ಇರುವವರು ಅದರ ಡ್ರೈವರ್ ಲಿನಕ್ಸ್‌ಗೆ ಉಂಟೇ ಎಂದು ಮೊದಲೇ ಕೇಳಿಕೊಳ್ಳಿ. ಪ್ರಿಂಟರಿನ ವಿಷಯವೂ ಹಾಗೆಯೇ. ಮೊಬೈಲಿನಿಂದ ನೇರವಾಗಿ ಮುದ್ರಿಸುವ ಈಚಿನ ವೈಫೈ ಪ್ರಿಂಟರುಗಳು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹಳೆಯ ಸಣ್ಣ ಲೇಸರ್ ಪ್ರಿಂಟರುಗಳಲ್ಲಿ ಕೆಲವು ಬಹಳ ಸತಾಯಿಸುತ್ತವೆ.

ಕನ್ನಡಕ್ಕೆ ಯೂನಿಕೋಡ್ ಬೆಂಬಲ ಚೆನ್ನಾಗಿದೆ. ಐಬಸ್ ಎಂಬ ವ್ಯವಸ್ಥೆಯಲ್ಲಿ ನಿಮಗೆ ರೂಢಿಯಾದ ಕೆ.ಜಿ.ಪಿ. ಕೀಲಿಮಣೆಯೂ ದೊರೆಯುತ್ತದೆ. ಹಳೆಯ ನುಡಿ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳು ಮಾತ್ರ ಆ ಫಾಂಟ್ ಇಲ್ಲದೆ ಅರ್ಥವಿಲ್ಲದ ಗೀಚಿನಂತೆ ಕಾಣುತ್ತವೆ. ಅವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ಹೊಸದೋ, ಬಳಸಿದ್ದೋ?

ಹೊಸದನ್ನೇ ಕೊಳ್ಳುವವರು ಇಂಟೆಲ್ ಎನ್100 ಅಥವಾ ಎನ್150 ಪ್ರೊಸೆಸರ್ ಇರುವ ಮಿನಿ ಪಿಸಿ ನೋಡಬಹುದು. ಎನ್100 ಬಂದದ್ದು 2023ರಲ್ಲಿ. ನಾಲ್ಕು ಕೋರ್, 6 ವಾಟ್ ಶ್ರೇಣಿಯದು. ನಮ್ಮ ಕೆಲಸಕ್ಕೆ ಧಾರಾಳ. ಸೆಲೆರಾನ್ ಹೆಸರಿನ ಹಳೆಯ ಎರಡು ಕೋರಿನವು ಅಗ್ಗವಾಗಿ ಕಂಡರೂ ಬೇಡ.

ಎರಡನೆಯ ದಾರಿ, ಕಂಪನಿಗಳು ಬಳಸಿ ಬಿಟ್ಟ ಕಚೇರಿ ಯಂತ್ರಗಳು: ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಲೆನೊವೊ ಥಿಂಕ್‌ಸೆಂಟರ್ ಟೈನಿ. ದಪ್ಪ ಪುಸ್ತಕದಷ್ಟು ಗಾತ್ರ. ಮೆಮೊರಿ, ಡಿಸ್ಕ್, ಫ್ಯಾನ್ ಎಲ್ಲವನ್ನೂ ಬಿಚ್ಚಿ ಬದಲಿಸಬಹುದು. ಐ5-8500ಟಿ ಮುಂತಾದ ಎಂಟನೆಯ ತಲೆಮಾರಿನ ಪ್ರೊಸೆಸರ್ ಇದ್ದರೆ ಉತ್ತಮ. ಮುಂದೆ ವಿಂಡೋಸ್ 11 ಬೇಕಾದರೂ ಹಾಕಿಕೊಳ್ಳಬಹುದು. ನಂಬಿಕಸ್ಥ ವ್ಯಾಪಾರಿ ಸಿಕ್ಕಿ, ಬರಹದಲ್ಲಿ ಗ್ಯಾರಂಟಿ ಕೊಟ್ಟರೆ ನಮ್ಮ ಒಲವು ಇದರ ಕಡೆಗೆ. ರಾಸ್ಪ್‌ಬೆರಿ ಪೈ ಕಲಿಯುವ ಮಕ್ಕಳಿಗೆ ಒಳ್ಳೆಯದು. ಆದರೆ ಅಡಾಪ್ಟರ್, ಕವಚ, ಸಂಗ್ರಹ ಎಲ್ಲ ಸೇರಿಸಿದರೆ ತೋರುವಷ್ಟು ಅಗ್ಗವಲ್ಲ.

ಎರಡರಲ್ಲಿ ಯಾವುದಾದರೂ ಮೆಮೊರಿ 8 ಜಿಬಿ ಇರಲಿ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿತು. ಆದ್ದರಿಂದ "ಬೇರ್‌ಬೋನ್" ಎಂದು ಬರೆದದ್ದನ್ನು ಕಂಡು ಮೋಸಹೋಗಬೇಡಿ. ಅದರಲ್ಲಿ ಮೆಮೊರಿಯೂ ಇಲ್ಲ, ಡಿಸ್ಕೂ ಇಲ್ಲ. ಸಂಗ್ರಹ 256 ಜಿಬಿ ಎಸ್‌ಎಸ್‌ಡಿ ಸಾಕು, ಬಿಚ್ಚಿ ಬದಲಿಸುವಂತಿರಲೇಬೇಕು. ನಿಮ್ಮ ಹಳೆಯ ಮಾನಿಟರಿಗೆ ವಿಜಿಎ ಮಾತ್ರ ಇದ್ದರೆ ಪರಿವರ್ತಕವನ್ನೂ ಲೆಕ್ಕಕ್ಕೆ ಸೇರಿಸಿ.

ಕರೆಂಟು, ಸಿಡಿಲು, ಮಳೆಗಾಲ

ಹಳೆಯ ದೊಡ್ಡ ಪೆಟ್ಟಿಗೆ 60 ವಾಟ್ ಎಳೆಯುತ್ತದೆಂದು ಇಟ್ಟುಕೊಳ್ಳಿ. ದಿನಕ್ಕೆ 8 ಗಂಟೆಯಂತೆ 300 ದಿನಕ್ಕೆ 144 ಯೂನಿಟ್ ಆಯಿತು. 10 ವಾಟಿನ ಮಿನಿ ಪಿಸಿಗೆ ಅಷ್ಟೇ ಹೊತ್ತಿಗೆ 24 ಯೂನಿಟ್. ಬಿಲ್ಲಿನ ಉಳಿತಾಯಕ್ಕಿಂತಲೂ ಮುಖ್ಯವಾದುದು, ಕರೆಂಟು ಹೋದಾಗ ಅದೇ ಯುಪಿಎಸ್ ಹೆಚ್ಚು ಹೊತ್ತು ತಡೆಯುತ್ತದೆ. ಅಡಾಪ್ಟರ್ 12 ವೋಲ್ಟಿನದೆಂದು ಬ್ಯಾಟರಿಗೆ ನೇರವಾಗಿ ಕೊಡಬೇಡಿ. ಚಾರ್ಜ್ ಆಗುವಾಗ ಬ್ಯಾಟರಿಯ ವೋಲ್ಟೇಜ್ 14 ದಾಟುತ್ತದೆ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರಷ್ಟೇ ಸಾಲದು, ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಿ. ಅಡಿಕೆ ಸುಲಿಯುವ ಜಾಗದ ಧೂಳು ಫ್ಯಾನಿಗೆ ಶತ್ರು; ಯಂತ್ರವನ್ನು ಒಳಕೋಣೆಯಲ್ಲಿಡಿ. ಮಳೆಗಾಲದಲ್ಲಿ ದಿನಕ್ಕೊಮ್ಮೆಯಾದರೂ ಚಾಲೂ ಮಾಡಿದರೆ ಒಳಗಿನ ತೇವ ಆರುತ್ತದೆ.

ಹಣ ಕೊಡುವ ಮುನ್ನ

ಮಿಂಟ್ ಹಾಕಿದ ಪೆನ್‌ಡ್ರೈವ್ ಒಯ್ದು ಅಂಗಡಿಯಲ್ಲೇ ನಡೆಸಿ ನೋಡಿ. ವೈಫೈ ಸಿಗುತ್ತದೆಯೇ, ಸ್ಪೀಕರಿನಲ್ಲಿ ಶಬ್ದ ಬರುತ್ತದೆಯೇ, ಎಲ್ಲ ಯುಎಸ್‌ಬಿ ಕಿಂಡಿಗಳೂ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ. "ಡಿಸ್ಕ್ಸ್" ಎಂಬ ಸಾಧನದಲ್ಲಿ ಡಿಸ್ಕಿನ ಆರೋಗ್ಯ ನೋಡಿ. ಬಳಸಿದ ಯಂತ್ರಕ್ಕೆ ಹಳೆಯ ಕಂಪನಿ ಹಾಕಿದ ಬಯಾಸ್ ಪಾಸ್‌ವರ್ಡ್ ಉಳಿದಿದ್ದರೆ ಕೊಳ್ಳಬೇಡಿ. ಅಡಾಪ್ಟರ್ ಮೂಲದ್ದೇ ಎಂದೂ ನೋಡಿ. ಬೆಲೆಗಳು ಬದಲಾಗುತ್ತಲೇ ಇರುವುದರಿಂದ ಇಲ್ಲಿ ಬರೆದಿಲ್ಲ. ಮೂರು ಕಡೆ ಕೊಟೇಶನ್ ಪಡೆಯುವುದು ಲೇಸು.

ಕೊನೆಯದಾಗಿ, ಯಾವ ಯಂತ್ರ ತಂದರೂ ಲೆಕ್ಕದ ಎರಡು ಪ್ರತಿ ಬೇರೆಯಾಗಿ ಇರಲಿ: ಒಂದು ಮನೆಯ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಮನೆಯಿಂದ ಹೊರಗೆ. ಶನಿವಾರ ಬಟವಾಡೆ ಮುಗಿದೊಡನೆ ನಕಲು ಮಾಡುವ ಪದ್ಧತಿಯನ್ನು ನಾವು ಈಗ ಇಟ್ಟುಕೊಂಡಿದ್ದೇವೆ. ಐದು ನಿಮಿಷದ ಕೆಲಸ. ಯಂತ್ರ ಕೆಟ್ಟರೆ ಇನ್ನೊಂದು ತರಬಹುದು; ಆಳುಗಳ ದುಡಿಮೆಯ ಲೆಕ್ಕ ಕಳೆದರೆ ತರಲು ಎಲ್ಲಿಯೂ ಸಿಗದು.

— ಕಾರ್ಯದರ್ಶಿ