ಒಂದು ಫಾರ್ದಿಂಗ್‌ನ ತೀರ್ಪು

1901ರಲ್ಲಿ ಇಂಗ್ಲೆಂಡಿನ ಕ್ಯಾಡ್ಬರಿ ಕಂಪನಿಗೆ ಮಾರಾಟಕ್ಕಿದ್ದ ಕೋಕೋ ತೋಟವೊಂದರ ಆಸ್ತಿಪಟ್ಟಿ ಬಂತು. ತೋಟ ಇದ್ದದ್ದು ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ, ಪೋರ್ಚುಗೀಸರ ಆಳ್ವಿಕೆಯ ಸಾವೊ ತೋಮೆ ದ್ವೀಪದಲ್ಲಿ. ಪಟ್ಟಿಯಲ್ಲಿ ಒಂದು ಬಾಬ್ತು ಹೀಗಿತ್ತು: 200 ಕಪ್ಪು ಕೂಲಿಯಾಳುಗಳು, ಬೆಲೆ 3,555 ಪೌಂಡ್. ತೋಟದ ಜತೆ ಆಳುಗಳಿಗೂ ಕ್ರಯ ಕಟ್ಟಿದ್ದರು.

ಕ್ಯಾಡ್ಬರಿಯವರು ಕ್ವೇಕರ್ ಪಂಥದವರು. ಗುಲಾಮಗಿರಿಯ ವಿರುದ್ಧ ಮೊದಲು ದನಿಯೆತ್ತಿದವರಲ್ಲಿ ಆ ಪಂಥವೂ ಒಂದು. ಬರ್ಮಿಂಗ್‌ಹ್ಯಾಮ್ ಬಳಿಯ ಬೋರ್ನ್‌ವಿಲ್‌ನಲ್ಲಿ ಕಾರ್ಖಾನೆಯ ಪಕ್ಕದಲ್ಲೇ ಕೈತೋಟವಿರುವ ಮನೆಗಳ ಊರನ್ನು ಕಟ್ಟಿದವರು ಅವರು. ಆದರೆ ಅಲ್ಲಿ ಹುರಿಯುತ್ತಿದ್ದ ಬೀಜದ ದೊಡ್ಡ ಪಾಲು ಬರುತ್ತಿದ್ದದ್ದು ಸಾವೊ ತೋಮೆಯಿಂದ. ಅಂಗೋಲಾದ ಒಳನಾಡಿನಿಂದ ಹಿಡಿದು ಅಲ್ಲಿಗೆ ತಂದ ಆಳುಗಳಿಗೆ ಕಾಗದದ ಮೇಲೆ ಐದು ವರ್ಷದ ಕರಾರು. ಊರಿಗೆ ಮರಳಿದವರು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಕಂಪನಿಯ ವಿಲಿಯಂ ಕ್ಯಾಡ್ಬರಿ ಪೋರ್ಚುಗಲ್‌ನ ಲಿಸ್ಬನ್‌ಗೆ ಹೋಗಿ ವಿಚಾರಿಸಿದರು. 1905ರಲ್ಲಿ ಜೋಸೆಫ್ ಬರ್ಟ್ ಎಂಬವರನ್ನು ತನಿಖೆಗೆ ಕಳಿಸಿದರು. ಅಷ್ಟರಲ್ಲಿ ಪತ್ರಕರ್ತ ಹೆನ್ರಿ ನೆವಿನ್ಸನ್ ಅಂಗೋಲಾ ಸುತ್ತಿ ಬಂದು, ಕಂಡದ್ದನ್ನೆಲ್ಲ 1906ರಲ್ಲಿ ಪುಸ್ತಕವಾಗಿ ಹೊರತಂದರು. ಬರ್ಟ್ ವರದಿಯೂ ಅದನ್ನು ಅಲ್ಲಗಳೆಯಲಿಲ್ಲ. ಆದರೂ ಖರೀದಿ ನಿಂತದ್ದು 1909ರ ಮಾರ್ಚ್‌ನಲ್ಲಿ. ಗಿರಾಕಿಯಾಗಿ ಉಳಿದರಷ್ಟೇ ನಮ್ಮ ಮಾತು ನಡೆದೀತು ಎಂಬುದು ಕಂಪನಿಯ ಸಮಜಾಯಿಷಿ. ಎಂಟು ವರ್ಷ ಕಾಯುವುದಕ್ಕೆ ಅದು ಸಾಲದು ಎಂದೇ ನನಗೆ ಅನ್ನಿಸುತ್ತದೆ.

ಈ ವಿಳಂಬವನ್ನು ‘ಸ್ಟಾಂಡರ್ಡ್’ ಪತ್ರಿಕೆ 1908ರಲ್ಲೇ ಎತ್ತಿ ಚುಚ್ಚಿತ್ತು. ಕ್ಯಾಡ್ಬರಿ ಮಾನನಷ್ಟ ಮೊಕದ್ದಮೆ ಹೂಡಿತು, ಗೆದ್ದಿತು ಕೂಡ. ಜ್ಯೂರಿ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲುಭಾಗ. ಗೆದ್ದವರ ಮುಖಕ್ಕೆ ಮಂಗಳಾರತಿ!

ಕಾರ್ಖಾನೆಯ ಗೇಟಿನೊಳಗೇ ಇದ್ದ ಹೊಣೆ ತೋಟದ ಕಡೆ ಹೊರಟದ್ದು ಹೀಗೆ. ತಲುಪಿತೇ? ಖರೀದಿ ಗೋಲ್ಡ್ ಕೋಸ್ಟ್‌ಗೆ, ಇಂದಿನ ಘಾನಾಕ್ಕೆ ಹೊರಳಿತು. 2001ರಲ್ಲಿ ಅಮೆರಿಕದ ಇಬ್ಬರು ಸಂಸದರ ಒತ್ತಡಕ್ಕೆ ಮಣಿದ ಚಾಕೊಲೇಟ್ ಉದ್ಯಮ, ಘಾನಾ ಮತ್ತು ಐವರಿ ಕೋಸ್ಟ್ ತೋಟಗಳಲ್ಲಿ ಮಕ್ಕಳ ದುಡಿಮೆಯ ಘೋರ ರೂಪಗಳನ್ನು ತೊಲಗಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಗಡುವು 2005. ಷಿಕಾಗೊ ವಿಶ್ವವಿದ್ಯಾಲಯದ ಸಂಸ್ಥೆಯೊಂದು 2020ರಲ್ಲಿ ಕೊಟ್ಟ ಅಂದಾಜಿನಂತೆ ಆ ಎರಡು ದೇಶಗಳಲ್ಲಿ ಕೋಕೋ ದುಡಿಮೆಯಲ್ಲಿದ್ದ ಮಕ್ಕಳು 15.6 ಲಕ್ಷ.

ನಮ್ಮಲ್ಲಿ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಹಾಕಿದವರ ಕಷ್ಟವೇ ಬೇರೆ. 1980ರ ಸುಮಾರಿಗೆ ಖರೀದಿದಾರರು ಹಿಂದೆ ಸರಿದು ಬೆಲೆ ನೆಲಕಚ್ಚಿತು. ಆಗ ಕೈಹಿಡಿದದ್ದು ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. 1986ರಲ್ಲಿ ಅದು ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಇನ್ನು ಕಂಪನಿಗಳ ಹೊಣೆಯ ಬಗ್ಗೆ ನಮ್ಮ ಕಾನೂನು ಹೇಳುವುದೇನು? 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಮ್ಮ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಶಾಲೆ ಕಟ್ಟಿಸಿದರೂ ಆಯಿತು, ಕೆರೆಯ ಹೂಳೆತ್ತಿಸಿದರೂ ಆಯಿತು. ಕಂಪನಿಯ ಮಾಮೂಲಿ ವ್ಯವಹಾರ ಮಾತ್ರ ಈ ಲೆಕ್ಕಕ್ಕೆ ಸೇರದು ಎನ್ನುತ್ತವೆ ನಿಯಮಗಳು. ಬೆಳೆಗಾರನಿಂದ ಯಾವ ದರಕ್ಕೆ ಕೊಂಡರು ಎಂಬುದೂ ಹಾಗೆ ಹೊರಗೇ ಉಳಿಯುತ್ತದೆ. ಕೃಷಿ ಉದ್ಯಮದ ವಾರ್ಷಿಕ ವರದಿ ಕೈಗೆ ಸಿಕ್ಕಾಗ, ಹೊಣೆಗಾರಿಕೆಯ ಬಣ್ಣದ ಪುಟಗಳ ಜತೆಗೆ ಖರೀದಿಯ ಲೆಕ್ಕವನ್ನೂ ಒಮ್ಮೆ ಹುಡುಕಿ ನೋಡಿ.